ತಪ್ಪು ಬ್ಯಾಟರಿಯದ್ದಲ್ಲ

12 ಮೇ 2024, ಭಾನುವಾರ

ಬಿಸಿಲೇರುವ ಮೊದಲೇ ದೋಣಿ ಕೆಲಸ ಮುಗಿಸೋಣ ಅಂತ ಆರೂವರೆಗೆ ಮೈಸೂರು ಬಿಟ್ಟೆ. ಇಲವಾಲದಲ್ಲಿ ಒಂದು ಕಾಫಿ ಕುಡಿದು ಮೀನಾಕ್ಷಿಪುರದ ಕಡೆ ಹೊರಟೆ. ಕಳೆದ ವರ್ಷ ಮಳೆ ಕೈಕೊಟ್ಟಿದ್ದರಿಂದ ಕೆಆರ್‌ಎಸ್ ಹಿನ್ನೀರು ತುಂಬಾ ಹಿಂದೆ ಸರಿದಿದೆ. ಕಟ್ಟೆ 124.80 ಅಡಿ ತುಂಬಿದಾಗ ನೀರು ನಿಲ್ಲುವ ಜಾಗದಲ್ಲಿ ಈಗ ದನ ಮೇಯುತ್ತಿವೆ. ನಮ್ಮ ಹಾಯಿದೋಣಿ ಟ್ರೇಲರ್ ಮೇಲೆ, ಪರಿಚಯದ ರೈತರೊಬ್ಬರ ತೋಟದ ಮಾವಿನ ಮರದ ಕೆಳಗಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಇಂಜಿನ್ ಬಿಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲ್ಲ.

ಮೊದಲು ಡೀಸೆಲ್ ಫಿಲ್ಟರ್. ನಾಲ್ಕು ತಿಂಗಳಿಂದ ಟ್ಯಾಂಕ್ ಅರ್ಧ ಖಾಲಿ ಇತ್ತು. ಖಾಲಿ ಜಾಗದ ಗಾಳಿ ರಾತ್ರಿ ತಣ್ಣಗಾದಾಗ ಒಳಗೇ ಬೆವರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳಕ್ಕೆ ಇಳಿಯುತ್ತದೆ. ಫಿಲ್ಟರ್ ಬಟ್ಟಲಿನ ತಳದ ಸ್ಕ್ರೂ ಬಿಚ್ಚಿದೆ. ಮೊದಲು ಬಂದದ್ದು ಎರಡು ಚಮಚದಷ್ಟು ಬರೀ ನೀರು! ಇನ್ನು ಮೇಲೆ ದೋಣಿ ನಿಲ್ಲಿಸುವ ಮುಂಚೆ ಟ್ಯಾಂಕ್ ಪೂರ್ತಿ ತುಂಬಿಸುತ್ತೇನೆ.

ಹೊಸ ಫಿಲ್ಟರ್ ಹಾಕಿದರೆ ಲೈನಿಗೆ ಏರ್ ಸೇರುವುದು ಖಾಯಂ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ. ಸಿಲಿಂಡರಿನಲ್ಲಿ ಗಾಳಿ ಒತ್ತಿ ಒತ್ತಿ ಕಾದಾಗ ನಾಝಲ್ ಅದರೊಳಗೆ ಡೀಸೆಲ್ ಚಿಮ್ಮಿಸಬೇಕು, ಆಗಲೇ ಬೆಂಕಿ. ಲೈನಿನಲ್ಲಿ ಗುಳ್ಳೆ ಇದ್ದರೆ ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಹೋಗುತ್ತದೆ, ನಾಝಲ್ ತೆರೆಯುವುದೇ ಇಲ್ಲ. ತೋಟದ ಯಜಮಾನರು ದೂರದಿಂದಲೇ ನೋಡಿ, 'ಏರ್ ತೆಗೀಬೇಕಾ?' ಅಂತ ಬಂದು ಕೂತರು. ವರ್ಷಗಟ್ಟಲೆ ಡೀಸೆಲ್ ಪಂಪ್‌ಸೆಟ್ ಓಡಿಸಿದ ಕೈ ಅದು. ನಾನು ಏರ್ ಬಿಡುವ ಸ್ಕ್ರೂ ಸಡಿಲ ಮಾಡಿ ಹಿಡಿದೆ, ಅವರು ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಲಿವರ್ ಒತ್ತಿದರು. ಮೊದಲು ನೊರೆ ನೊರೆ. ಆಮೇಲೆ ಒಂದೊಂದೇ ಗುಳ್ಳೆ. ಕೊನೆಗೆ ತಿಳಿ ಡೀಸೆಲ್, ಸಣ್ಣ ಧಾರೆಯಾಗಿ. 'ಹ್ಞೂ, ಈಗ ಬಿಗಿ ಮಾಡಿ' ಅಂದರು.

ಕೂಲಿಂಗ್ ಪಂಪಿನ ಪೈಪನ್ನು ನೀರಿನ ಡ್ರಮ್ಮಿಗೆ ಇಳಿಬಿಟ್ಟು ಸ್ಟಾರ್ಟ್ ಮಾಡಿದೆ. ಒಳಗೆ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಸುಟ್ಟು ಹರಿದುಹೋಗುತ್ತದೆ. ಎಕ್ಸಾಸ್ಟಿನಿಂದ ನೀರು ಉಗುಳಿತು. ಎರಡನೇ ಸಲಕ್ಕೇ ಇಂಜಿನ್ ಹಿಡಿಯಿತು.

ಇವತ್ತಿನ ದೊಡ್ಡ ಕೆಲಸ ಬ್ಯಾಟರಿದು. ಎರಡು ವರ್ಷದಲ್ಲಿ ಎರಡು ಬ್ಯಾಟರಿ ಹೋದವು. ಪ್ರತಿ ಸಲ ಬ್ಯಾಟರಿಯನ್ನೇ ಬೈದುಕೊಂಡು ಹೊಸದು ತಂದೆ. ಈ ಮೂರನೆಯದೂ ಇವತ್ತು ಬೆಳಿಗ್ಗೆ 12.2 ವೋಲ್ಟ್ ತೋರಿಸಿತು. ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದರೆ, ಸುಮ್ನೆ ಇಟ್ಟಾಗ 12.7 ಹತ್ತಿರ ಇರಬೇಕು. 12.2 ಅಂದರೆ ಅರ್ಧ. ಅರ್ಧದಲ್ಲೇ ದಿನಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಏರಲ್ಲ.

ಇಂಜಿನ್ ಓಡುತ್ತಿರುವಾಗಲೇ ಮೀಟರ್ ಹಿಡಿದೆ. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಹತ್ತಿರ 14.3. ಬ್ಯಾಟರಿ ಟರ್ಮಿನಲ್ಲಿನಲ್ಲಿ 13.2. ಒಂದು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಮಾಯ! ಪ್ಲಸ್ ಕಡೆಯ ತಂತಿ ಅಳೆದರೆ ನಷ್ಟ 0.3. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಇಟ್ಟೆ. 0.8. ಕಳ್ಳ ಅರ್ಥ್ ಕಡೆ, ಅಂದರೆ ಮೈನಸ್ ದಾರಿಯಲ್ಲಿದ್ದ.

ಇಂಜಿನ್ ನಿಲ್ಲಿಸಿ, ಆಮೇಲೆ ಬ್ಯಾಟರಿ ಸ್ವಿಚ್ ಆಫ್ ಮಾಡಿದೆ. ಈ ಕ್ರಮ ತಪ್ಪಬಾರದು. ಇಂಜಿನ್ ಓಡುವಾಗ ಬ್ಯಾಟರಿ ತಪ್ಪಿಸಿದರೆ ಆಲ್ಟರ್ನೇಟರಿನ ಡಯೋಡ್ ಸುಟ್ಟುಹೋಗಬಹುದು. ಇಂಜಿನ್ನಿನ ಕೆಳಗೆ ಕೈ ಹಾಕಿ ಅರ್ಥ್ ಕೇಬಲ್ ಬಿಚ್ಚಿದೆ. ಹೊರಗಿನಿಂದ ಅದರ ತುದಿಯ ಲೋಹದ ಬಳೆ, ಲಗ್, ಚೆನ್ನಾಗೇ ಕಂಡಿತ್ತು. ತಿರುಗಿಸಿ ನೋಡಿದರೆ ಹಿಂಬದಿ ಪೂರಾ ಹಸಿರು ಕಿಲುಬು, ಬೋಲ್ಟಿನ ಸುತ್ತ ತುಕ್ಕಿನ ಪುಡಿ. ರಬ್ಬರ್ ಕವರ್ ಸೀಳಿದೆ. ಒಳಗಿನ ತಾಮ್ರದ ಎಳೆಗಳೂ ಒಂದು ಇಂಚಿನವರೆಗೆ ಕಪ್ಪಾಗಿದ್ದವು. ಕಪ್ಪು ಭಾಗ ಕತ್ತರಿಸಿ, ಹೊಸ ಲಗ್ ಒತ್ತಿ ಕೂರಿಸಿ, ಇಂಜಿನ್ ಬ್ಲಾಕನ್ನು ಸ್ಯಾಂಡ್‌ಪೇಪರಿನಿಂದ ಹೊಳೆಯುವವರೆಗೆ ಉಜ್ಜಿದೆ. ಬಿಗಿ ಮಾಡಿದ ಮೇಲೆ ಮೇಲಿಂದ ಗ್ರೀಸ್ ಬಳಿದೆ. ಪ್ಲಸ್ ಕಡೆಯ ಎರಡು ಜಾಯಿಂಟಿಗೂ ಹಾಗೇ ಮಾಡಿದೆ.

ಮತ್ತೆ ಸ್ಟಾರ್ಟ್ ಮಾಡಿ ಇಪ್ಪತ್ತು ನಿಮಿಷ ಓಡಿಸಿ ಮೀಟರ್ ಹಿಡಿದೆ. ಅರ್ಥ್ ಕಡೆ 0.1. ಬ್ಯಾಟರಿ ಮೇಲೆ 14.1. ನಿಜ ಹೇಳಬೇಕೆಂದರೆ ಆ ಅಂಕಿ ನೋಡಿ ಕಣ್ಣು ತುಂಬಿ ಬಂತು. ಹಳೆಯ ಎರಡು ಬ್ಯಾಟರಿಗಳು ಒಂದು ದಿನವೂ ಹೊಟ್ಟೆ ತುಂಬಾ ಉಂಡಿರಲಿಲ್ಲ.

ಮನೆಯ ಚಾರ್ಜರಿನಲ್ಲಿ ಪೂರ್ತಿ ತುಂಬಿಸೋಣ ಅಂತ ಬ್ಯಾಟರಿ ಬಿಚ್ಚಿ ತಂದಿದ್ದೇನೆ. ವರಾಂಡದಲ್ಲಿ ಚಾರ್ಜಿಗೆ ಹಾಕಿದ್ದೇನೆ, ಬಾಗಿಲು ಕಿಟಕಿ ತೆರೆದಿದೆ. ನಾಳೆ ಬೆಳಿಗ್ಗೆ ಚಾರ್ಜರ್ ತೆಗೆದು, ಸಂಜೆವರೆಗೆ ಸುಮ್ನೆ ಬಿಟ್ಟು ಅಳೆಯಬೇಕು.