ಟಿಕ್ ಅನ್ನುವ ಸದ್ದಿಗೆ ಕಾಯುವ ಆಟ

ಟಿವಿಯಲ್ಲಿ ಆರ್ಚರಿ ಬಂದರೆ ಎಲ್ಲರೂ ಟಾರ್ಗೆಟ್ ನೋಡುತ್ತಾರೆ. ಬಾಣ ನಡುವಿನ ಹಳದಿಗೆ ಬಿತ್ತಾ, ಕೆಂಪಿಗೆ ಹೋಯ್ತಾ, ಎಷ್ಟು ಪಾಯಿಂಟ್ ಬಂತು. ನಾನು ನೋಡುವುದು ಬಿಲ್ಲಿನ ಮೇಲೆ, ಬಾಣದ ಮೊನೆಯ ಹತ್ತಿರ ಸಿಕ್ಕಿಸಿರುವ ಒಂದು ಸಣ್ಣ ಲೋಹದ ಪಟ್ಟಿಯನ್ನು. ಬೆರಳುದ್ದ, ಬ್ಲೇಡಿನಷ್ಟು ತೆಳು. ಅದರ ಹೆಸರು ಕ್ಲಿಕ್ಕರ್. ಗೊತ್ತಿಲ್ಲದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ, ಆದರೆ ಒಲಿಂಪಿಕ್ಸ್‌ನಲ್ಲಿ ಯಾರಿಗೆ ಚಿನ್ನ, ಯಾರಿಗೆ ಬೆಳ್ಳಿ ಅನ್ನುವುದು ಎಷ್ಟೋ ಸಲ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಅದರ ಕೆಲಸ ಇಷ್ಟೇ. ಬಾಣ ಹೂಡುವಾಗ ಬಾಣವನ್ನು ಈ ಪಟ್ಟಿಯ ಒಳಗೆ ತೂರಿಸುತ್ತಾರೆ. ಹೆದೆ ಎಳೆದಂತೆಲ್ಲ ಬಾಣ ಹಿಂದಕ್ಕೆ ಸರಿಯುತ್ತದೆ. ಕೊನೆಗೆ ಮೊನೆ ಪಟ್ಟಿಯಿಂದ ಜಾರಿದ ಕೂಡಲೇ ಅದು ಟಿಕ್ ಅಂತ ಬಿಲ್ಲಿಗೆ ಬಡಿಯುತ್ತದೆ. ಆ ಸದ್ದು ಬಂತು ಅಂದರೆ ನೀವು ಹೋದ ಸಲ ಎಷ್ಟು ಎಳೆದಿದ್ದಿರೋ ಈ ಸಲವೂ ಅಷ್ಟೇ ಎಳೆದಿದ್ದೀರಿ, ಇನ್ನು ಬಿಡಬಹುದು ಅಂತ. ಎಳೆತದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಬಾಣಕ್ಕೆ ಸಿಗುವ ಶಕ್ತಿ ಬೇರೆಯಾಗುತ್ತದೆ, 70 ಮೀಟರ್ ದಾಟುವಷ್ಟರಲ್ಲಿ ಬಾಣ ಮೇಲೋ ಕೆಳಗೋ ಹೋಗಿ ಬೀಳುತ್ತದೆ.

70 ಮೀಟರ್ ಅಂದರೆ ಒಲಿಂಪಿಕ್ಸ್‌ನ ದೂರ. ಟಾರ್ಗೆಟ್ಟಿನ ಅಗಲ 122 ಸೆಂಟಿಮೀಟರ್. ನಡುವಿನ ಹತ್ತು ಪಾಯಿಂಟಿನ ವೃತ್ತ 12.2 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಸಿಡಿಯಷ್ಟು. ಇದು ಎಷ್ಟು ಚಿಕ್ಕದು ಅಂತ ಅನುಭವಕ್ಕೆ ಬರಬೇಕಾದರೆ ಒಂದು ಸಣ್ಣ ಸಾಸಿವೆ ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಕೈ ಚಾಚಿ ನೋಡಿ. ಶೂಟಿಂಗ್ ಲೈನ್ ಮೇಲೆ ನಿಂತವರಿಗೆ ಆ ಹತ್ತರ ವೃತ್ತ ಕಾಣುವುದು ಅಷ್ಟೇ ಗಾತ್ರದಲ್ಲಿ. ಇದನ್ನು ನೋಡುತ್ತಿರುವಾಗ ಬೆರಳುಗಳ ಮೇಲೆ ಸುಮಾರು 20 ಕೆಜಿ ಭಾರ ಇರುತ್ತದೆ. ದೊಡ್ಡ ಮಟ್ಟದ ಪುರುಷರ ಬಿಲ್ಲುಗಳು 45ರಿಂದ 50 ಪೌಂಡ್ ಎಳೆತದವು. ರ್‍ಯಾಂಕಿಂಗ್ ಸುತ್ತಿನಲ್ಲಿ, ಅಂದರೆ ಮ್ಯಾಚಿನಲ್ಲಿ ಯಾರ ಎದುರು ಯಾರು ಅಂತ ಗೊತ್ತುಮಾಡುವ ಸುತ್ತಿನಲ್ಲಿ, ಹೀಗೆ 72 ಬಾಣ ಬಿಡಬೇಕು.

ಬಿಲ್ಲು ಬಾಣ ಅಂದ ತಕ್ಷಣ ಎಲ್ಲರೂ ನನಗೆ ಅರ್ಜುನನ ಕತೆ ಹೇಳುತ್ತಾರೆ, ಹಕ್ಕಿಯ ಕಣ್ಣೊಂದೇ ಕಾಣಬೇಕು ಅಂತ. ನಾನೂ ಹಾಗೇ ಅಂದುಕೊಂಡು ಶುರು ಮಾಡಿದ್ದೆ. ಆದರೆ ಹಾಗೆ ದಿಟ್ಟಿಸಿಕೊಂಡು ನಿಂತರೆ ಕೆಡುತ್ತದೆ! ಸೈಟಿನ, ಅಂದರೆ ಗುರಿ ನೋಡಲು ಬಿಲ್ಲಿಗೆ ಸಿಕ್ಕಿಸಿರುವ ಸಾಧನದ, ಚುಕ್ಕಿ ಯಾವತ್ತೂ ಒಂದೇ ಕಡೆ ನಿಲ್ಲುವುದಿಲ್ಲ. ಎದೆ ಬಡಿತಕ್ಕೆ, ಉಸಿರಿಗೆ, ಗಾಳಿಗೆ ಅದು ಹಳದಿಯ ಮೇಲೆ ಅಲೆದಾಡುತ್ತಲೇ ಇರುತ್ತದೆ, ವಿಶ್ವ ಚಾಂಪಿಯನ್ನರದ್ದೂ ಅಷ್ಟೇ. ಅದನ್ನು ಬಲವಂತವಾಗಿ ನಿಲ್ಲಿಸಲು ಹೋದರೆ ಭುಜ ಗಟ್ಟಿಯಾಗುತ್ತದೆ, ಬೆನ್ನಿನ ಕೆಲಸ ನಿಂತುಹೋಗುತ್ತದೆ. ಅಲೆದಾಡಲಿ ಅಂತ ಬಿಟ್ಟು, ಮನಸ್ಸನ್ನು ಬೆನ್ನಿನ ಮೇಲೆ ಇಡಬೇಕು. ಗುರಿ ಹಿಡಿಯುವುದು ಈ ಆಟದ ಒಂದು ಸಣ್ಣ ಭಾಗ, ನನ್ನ ಲೆಕ್ಕದಲ್ಲಿ ಸುಲಭದ ಭಾಗ.

ಕಷ್ಟ ಇರುವುದು ಕೊನೆಯ ಎರಡು ಮಿಲಿಮೀಟರಿನಲ್ಲಿ. ಹೆದೆ ಎಳೆದು ಗಲ್ಲದ ಕೆಳಗೆ ತಂದು ಒತ್ತಿಕೊಂಡಿದ್ದೀರಿ. ಹೆದೆ ಮೂಗಿನ ತುದಿಗೆ ತಾಗಿದೆ, ತುಟಿಗೂ ತಾಗಿದೆ. ಬಾಣದ ಮೊನೆ ಕ್ಲಿಕ್ಕರ್‌ನ ಅಂಚಿನಲ್ಲಿ ಇನ್ನೇನು ಜಾರಬೇಕು ಅನ್ನುವಂತೆ ನಿಂತಿದೆ. ಈಗ ಕೈಯಿಂದ ಎಳೆಯಬಾರದು. ಬೆನ್ನಿನ ಸ್ನಾಯುಗಳು ಎರಡು ರೆಕ್ಕೆ ಮೂಳೆಗಳನ್ನು ಒಂದರ ಕಡೆಗೆ ಇನ್ನೊಂದನ್ನು ನಿಧಾನವಾಗಿ ತರಬೇಕು, ಎದೆ ಹಿಗ್ಗಬೇಕು, ಆ ಹಿಗ್ಗುವಿಕೆಯಲ್ಲೇ ಮೊನೆ ಜಾರಬೇಕು. ಟಿಕ್. ಆಗ ಬೆರಳು ಬಿಚ್ಚುವುದೂ ಅಲ್ಲ, ಬೆರಳು ಸಡಿಲವಾಗುತ್ತದೆ ಅಷ್ಟೇ, ಹೆದೆ ತಾನೇ ದಾರಿ ಮಾಡಿಕೊಂಡು ಹೋಗುತ್ತದೆ. ಕೈ ಕತ್ತಿನ ಪಕ್ಕದಲ್ಲಿ ಹಿಂದಕ್ಕೆ ಸರಿಯುತ್ತದೆ. ಬಿಲ್ಲು ಮುಂದಕ್ಕೆ ಬಾಗುತ್ತದೆ, ಅದನ್ನು ಬಿಗಿಯಾಗಿ ಹಿಡಿದಿರುವುದಿಲ್ಲ, ಬೆರಳಿಗೆ ಕಟ್ಟಿದ ದಾರ ಅದನ್ನು ಬೀಳದಂತೆ ತಡೆಯುತ್ತದೆ. ಮುಂದಿನ ಸಲ ಸ್ಲೋ ಮೋಶನ್‌ನಲ್ಲಿ ತೋರಿಸಿದಾಗ ಗಮನಿಸಿ, ಬಾಣ ಹೊರಟ ಮೇಲೂ ಬಿಲ್ಲುಗಾರರ ಮುಖ ಒಂದಿಷ್ಟೂ ಅಲ್ಲಾಡಿರುವುದಿಲ್ಲ.

ಅದೇ ಸ್ಲೋ ಮೋಶನ್‌ನಲ್ಲಿ ಬಾಣವನ್ನೂ ನೋಡಿ. ಬಾಣ ನೇರವಾಗಿ ಹೋಗುತ್ತದೆ ಅಂದುಕೊಂಡಿರುತ್ತೇವೆ ಅಲ್ವಾ? ಹೆದೆ ಬೆರಳುಗಳಿಂದ ಜಾರುವಾಗ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ಆ ತಳ್ಳುವಿಕೆಗೆ ಬಾಣ ಬಳುಕುತ್ತದೆ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ನೀರಲ್ಲಿ ಮೀನು ಈಜುವ ಹಾಗೆ. ಹೀಗೆ ಬಳುಕುತ್ತಲೇ ಅದು ಬಿಲ್ಲಿಗೆ ತಾಗದೆ ಪಕ್ಕದಿಂದ ಹಾದುಹೋಗುತ್ತದೆ. ಅದಕ್ಕೇ ಬಾಣದ ಗಡಸುತನ ಬಿಲ್ಲಿನ ಎಳೆತಕ್ಕೆ ಸರಿಹೊಂದಬೇಕು. ಬೇರೆಯವರ ಬಾಣ ತಂದು ನಮ್ಮ ಬಿಲ್ಲಿನಲ್ಲಿ ಹೊಡೆದರೆ ಎಷ್ಟೇ ಚೆನ್ನಾಗಿ ಬಿಟ್ಟರೂ ಅದು ಪಕ್ಕಕ್ಕೇ ಹೋಗಬಹುದು.

ನಾನು ಈ ಪಟ್ಟಿಯ ಬಗ್ಗೆ ಇಷ್ಟು ಬರೆಯುವುದಕ್ಕೆ ಕಾರಣ ಇದೆ. 30 ಮೀಟರ್‌ನಲ್ಲಿ ಎಲ್ಲ ಸರಿಯಾಗಿತ್ತು. 50ಕ್ಕೆ ಹೋದ ಕೆಲವು ವಾರಗಳಲ್ಲಿ ಏನೋ ಶುರುವಾಯಿತು. ಸೈಟಿನ ಚುಕ್ಕಿ ಹಳದಿಗೆ ತಾಗಿದ್ದೇ ತಡ, ಕ್ಲಿಕ್ಕರ್ ಸದ್ದು ಮಾಡುವ ಮೊದಲೇ ಬೆರಳು ಬಿಟ್ಟುಬಿಡುತ್ತಿತ್ತು. ಬೇಡ, ಬೇಡ ಅಂತ ಮನಸ್ಸು ಹೇಳುತ್ತಿದ್ದರೂ ಬೆರಳು ಕೇಳುತ್ತಿರಲಿಲ್ಲ. ಅದನ್ನು ತಡೆಯಲು ಹೋದರೆ ಇನ್ನೊಂದು ಕಾಟ, ಚುಕ್ಕಿ ಹಳದಿಯ ಕೆಳಗೆ ಕಪ್ಪಿನಲ್ಲೇ ನಿಂತುಬಿಡುತ್ತಿತ್ತು, ಮೇಲೆ ತರೋಕೆ ಆಗುತ್ತಲೇ ಇರಲಿಲ್ಲ, ತೋಳು ನಡುಗಿ ನಡುಗಿ ಕೊನೆಗೆ ಹೆದೆ ಇಳಿಸಬೇಕಾಗುತ್ತಿತ್ತು. ಬಿಲ್ಲುಗಾರರು ಇದಕ್ಕೆ ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ. ಹೊಸಬರಿಗೂ ಬರುತ್ತದೆ, ವರ್ಷಗಟ್ಟಲೆ ಆಡಿದವರಿಗೂ ಬರುತ್ತದೆ. ತಪ್ಪಿಹೋದರೆ ಅನ್ನುವ ಹೆದರಿಕೆ ಮೈಗೆ ಅಂಟಿಕೊಂಡು ಅಭ್ಯಾಸವಾಗಿಬಿಡುವುದು ಅದು.

ಕಲಿಸುವವರು ನನ್ನ ಬಿಲ್ಲಿನಿಂದ ಸೈಟ್ ಬಿಚ್ಚಿ ಚೀಲಕ್ಕೆ ಹಾಕಿದರು. ಟಾರ್ಗೆಟ್ ಪೇಪರ್ ಇಲ್ಲದ ಬರೀ ಹುಲ್ಲಿನ ಟಾರ್ಗೆಟ್ ಮುಂದೆ, ಮೂರೇ ಮೀಟರ್ ದೂರದಲ್ಲಿ ನಿಲ್ಲಿಸಿದರು. ಕಣ್ಣು ಮುಚ್ಚು, ಸದ್ದು ಬಂದ ಮೇಲೆ ಬಿಡು, ಬಾಣ ಎಲ್ಲಿ ಬಿತ್ತು ಅಂತ ನೋಡಲೇಬೇಡ ಅಂದರು. ಎರಡು ತಿಂಗಳು ಇದೇ. ಮೊದಮೊದಲು ಅಳು ಬರುವಷ್ಟು ಬೇಜಾರು. ಆಮೇಲೆ ಒಂದೊಂದೇ ಕೇಳಿಸತೊಡಗಿತು. ಕ್ಲಿಕ್ಕರಿನ ಟಿಕ್, ಹೆದೆಯ ದಪ್ಪ ದನಿ, ಬಾಣ ಹುಲ್ಲಿಗೆ ನಾಟುವ ಸದ್ದು, ಈ ಮೂರರ ನಡುವಿನ ಅಂತರ ಒಂದೇ ಸಮ ಇದ್ದರೆ ಬಾಣ ಸರಿ ಹೋಗಿದೆ, ಅಂತರ ಬದಲಾದರೆ ಏನೋ ಕೆಟ್ಟಿದೆ. ಕಣ್ಣು ಮುಚ್ಚಿದ್ದರೂ ಅದು ಗೊತ್ತಾಗುತ್ತಿತ್ತು. ಗುರಿಯೇ ಇಲ್ಲದಾಗ ಹೆದರಿಕೆಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ ಅನಿಸುತ್ತದೆ. ಈಗಲೂ ಪ್ರತಿ ದಿನದ ಮೊದಲ ಹನ್ನೆರಡು ಬಾಣಗಳನ್ನು ನಾನು ಹಾಗೇ ಬಿಡುತ್ತೇನೆ.

ಅದಾದ ಮೇಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಫೈನಲ್ ನೋಡುವಾಗ ನನಗೆ ಉಸಿರಾಡಲು ಆಗಲಿಲ್ಲ. ಕೊರಿಯಾದ ಕಿಮ್ ವೂಜಿನ್, ಅಮೆರಿಕದ ಬ್ರೇಡಿ ಎಲಿಸನ್. ಐದನೇ ಸೆಟ್‌ನಲ್ಲಿ ಇಬ್ಬರೂ ಮೂರಕ್ಕೆ ಮೂರೂ ಹತ್ತು ಹೊಡೆದರು. 5-5 ಸಮ. ಹಾಗಾದಾಗ ಒಂದೇ ಒಂದು ಬಾಣದ ಶೂಟ್-ಆಫ್, ಯಾರದ್ದು ನಡುವಿಗೆ ಹತ್ತಿರವೋ ಅವರಿಗೆ ಚಿನ್ನ. ಅಲ್ಲೂ ಇಬ್ಬರದ್ದೂ ಹತ್ತು! ಅಳೆದು ನೋಡಿದರೆ ಕಿಮ್ ಬಾಣ ನಡುವಿನಿಂದ 55.8 ಮಿಲಿಮೀಟರ್, ಎಲಿಸನ್ ಬಾಣ 60.7. ಅಂತರ 4.9 ಮಿಲಿಮೀಟರ್, ಅಂದರೆ ಒಂದು ಪೆನ್ಸಿಲ್ಲಿನ ದಪ್ಪಕ್ಕಿಂತ ಕಮ್ಮಿ. ಫಲಿತಾಂಶ ಬಂದ ಮೇಲೆ ಎಲಿಸನ್ ಹೋಗಿ ಕಿಮ್ ಕೈಯನ್ನು ಹಿಡಿದು ಮೇಲೆತ್ತಿದ್ದು ನನಗೆ ಬಹಳ ಇಷ್ಟವಾಯಿತು. ಆ ಬಾಣ ಬಿಡಲು ಏನು ಬೇಕು ಅಂತ ಆ ಕ್ಷಣದಲ್ಲಿ ಅವರಿಬ್ಬರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಈ ಸೆಟ್ ಪದ್ಧತಿ ಹಳೆಯದೇನಲ್ಲ, ಒಲಿಂಪಿಕ್ಸ್‌ಗೆ ಬಂದಿದ್ದು 2012ರಲ್ಲಿ. ಒಂದು ಸೆಟ್‌ಗೆ ಮೂರು ಬಾಣ, ಗೆದ್ದರೆ ಎರಡು ಪಾಯಿಂಟ್, ಸಮ ಆದರೆ ಒಂದೊಂದು, ಆರು ಮುಟ್ಟಿದವರು ಗೆದ್ದಂತೆ. ಮೊದಲು ಎಲ್ಲ ಬಾಣಗಳ ಮೊತ್ತವನ್ನೇ ಕೂಡುತ್ತಿದ್ದರು, ಗಾಳಿಗೆ ಒಂದು ಬಾಣ ಹೋದರೆ ಮ್ಯಾಚೇ ಹೋಯಿತು. ಈಗ ಆ ಸೆಟ್ ಮರೆತು ಮುಂದಿನದ್ದು ಆಡಬಹುದು. ನನಗೆ ಈ ಬದಲಾವಣೆ ತುಂಬಾ ಸರಿ ಅನಿಸುತ್ತದೆ. ಆಡುವವರಿಗೂ ಒಳ್ಳೆಯದು, ನೋಡುವವರಿಗೂ ಒಳ್ಳೆಯದು.

ಒಬ್ಬರ ನಂತರ ಒಬ್ಬರು ಬಾಣ ಬಿಡುವ ಮ್ಯಾಚಿನಲ್ಲಿ ಪ್ರತಿ ಬಾಣಕ್ಕೆ ಇರುವುದು 20 ಸೆಕೆಂಡ್. ಟೋಕಿಯೊದಲ್ಲಿ ಬಿಲ್ಲುಗಾರರ ಎದೆಬಡಿತವನ್ನೂ ಟಿವಿಯಲ್ಲಿ ತೋರಿಸಿದರು. ಮಹಿಳೆಯರ ಫೈನಲ್ ಕೂಡ ಶೂಟ್-ಆಫ್‌ಗೆ ಹೋಯಿತು. ರಷ್ಯಾದ ಎಲೆನಾ ಒಸಿಪೊವಾ ಎದೆಬಡಿತ 167, ಕೊರಿಯಾದ ಆನ್ ಸಾನ್ ಅವರದ್ದು 118. ಒಸಿಪೊವಾ ಎಂಟು ಹೊಡೆದರು, ಆನ್ ಸಾನ್ ಹತ್ತು. ಆನ್ ಸಾನ್‌ಗೆ ಆಗ ಇಪ್ಪತ್ತು ವರ್ಷ, ಅದು ಆ ಕೂಟದಲ್ಲಿ ಅವರ ಮೂರನೇ ಚಿನ್ನ. 167 ಬಡಿತದಲ್ಲಿ ಸೈಟಿನ ಚುಕ್ಕಿ ಹೇಗೆ ಕುಣಿಯುತ್ತದೆ ಅಂತ ಗೊತ್ತಿರುವುದರಿಂದ ನನಗೆ ಆ ಎಂಟರ ಮೇಲೂ ಅಷ್ಟೇ ಗೌರವ.

ಕೊರಿಯಾದವರು ಯಾಕೆ ಹೀಗೆ ಗೆಲ್ಲುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಮಹಿಳೆಯರ ತಂಡದ ಚಿನ್ನ 1988ರಲ್ಲಿ ಶುರುವಾದಾಗಿನಿಂದ 2024ರವರೆಗೆ, ಹತ್ತಕ್ಕೆ ಹತ್ತೂ ಸಲ ಅವರದ್ದೇ. ಪ್ಯಾರಿಸ್‌ನಲ್ಲಿ ಐದಕ್ಕೆ ಐದು ಚಿನ್ನವೂ ಅವರಿಗೇ. ಗುಟ್ಟೇನೂ ಇಲ್ಲ, ಆಯ್ಕೆಯ ರೀತಿ ನೋಡಿದರೆ ಸಾಕು. ಹಳೆಯ ಪದಕಕ್ಕೆ ಅಲ್ಲಿ ಬೆಲೆ ಇಲ್ಲ, ಪ್ರತಿ ಸಲವೂ ಹೊಸದಾಗಿ ಟ್ರಯಲ್ಸ್ ಗೆಲ್ಲಬೇಕು. ಮೂರು ಚಿನ್ನ ಗೆದ್ದ ಆನ್ ಸಾನ್ ಪ್ಯಾರಿಸ್ ತಂಡಕ್ಕೆ ಆಯ್ಕೆ ಆಗಲೇ ಇಲ್ಲ. ಹೋದ ಮೂವರು ಮಹಿಳೆಯರಿಗೂ ಅದು ಮೊದಲ ಒಲಿಂಪಿಕ್ಸ್, ಅವರಲ್ಲಿ ಲಿಮ್ ಸಿಹ್ಯಾನ್ ರ್‍ಯಾಂಕಿಂಗ್ ಸುತ್ತಿನಲ್ಲಿ 720ಕ್ಕೆ 694 ಹೊಡೆದು ವಿಶ್ವ ದಾಖಲೆ ಮಾಡಿದರು. ಗಲಾಟೆ ಅಭ್ಯಾಸ ಆಗಲಿ ಅಂತ ಜನ ತುಂಬಿದ ಬೇಸ್‌ಬಾಲ್ ಮೈದಾನದಲ್ಲಿ ನಿಲ್ಲಿಸಿ ಬಾಣ ಬಿಡಿಸುತ್ತಾರೆ. ಹಾಗಂತ ಅವರು ಸೋಲುವುದೇ ಇಲ್ಲ ಅಂತಲ್ಲ. 1984ರಿಂದ ಆರು ಸಲ ಬಿಡದೆ ಗೆದ್ದಿದ್ದ ಮಹಿಳೆಯರ ವೈಯಕ್ತಿಕ ಚಿನ್ನವನ್ನು 2008ರಲ್ಲಿ ಚೀನಾದ ಝಾಂಗ್ ಜುವಾನ್‌ಜುವಾನ್ ಒಂದೇ ಪಾಯಿಂಟಿನಲ್ಲಿ, 110-109ರಲ್ಲಿ ಕಿತ್ತುಕೊಂಡರು.

ಪ್ಯಾರಿಸ್‌ನ ಇನ್ನೊಂದು ಬಾಣದ ಬಗ್ಗೆ ಹೇಳಲೇಬೇಕು. ಚಾಡ್ ದೇಶದ ಇಸ್ರೇಲ್ ಮದಾಯೆ ಮೊದಲ ಸುತ್ತಿನಲ್ಲೇ ಕಿಮ್ ವೂಜಿನ್ ಎದುರು ಆಡಿದರು. ಅವರ ಒಂದು ಬಾಣ ಅಂಚಿಗೆ ಬಿದ್ದು ಒಂದೇ ಪಾಯಿಂಟ್ ಬಂತು. ಆ ತುಣುಕು ಎಲ್ಲ ಕಡೆ ಓಡಾಡಿತು, ಬಹಳ ಜನ ನಕ್ಕರು. ಹೆಚ್ಚಿನಂಶ ತಾನೇ ನೋಡಿ ನೋಡಿ ಕಲಿತವರು ಅವರು, ಹೆದೆ ಬಟ್ಟೆಗೆ ತಾಗದ ಹಾಗೆ ತಡೆಯುವ ಎದೆಯ ಗಾರ್ಡ್ ಕೂಡ ಹಾಕಿರಲಿಲ್ಲ. ಅಷ್ಟರಲ್ಲೇ ಒಲಿಂಪಿಕ್ಸ್‌ವರೆಗೆ ಬಂದು ನಿಂತವರನ್ನು ಒಂದು ಬಾಣದಲ್ಲಿ ಅಳೆಯಬಾರದು. ಯಾರಾದರೂ ಅದನ್ನು ತಮಾಷೆ ಅಂತ ಕಳಿಸಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು.

ಕೈಯೇ ಬೇಕು ಅಂತ ಏನೂ ಇಲ್ಲ ಈ ಆಟಕ್ಕೆ. ಮ್ಯಾಟ್ ಸ್ಟಟ್ಜ್‌ಮನ್ ಹುಟ್ಟಿನಿಂದ ಎರಡೂ ಕೈ ಇಲ್ಲದವರು, ಕಾಲಿನಿಂದ ಬಿಲ್ಲು ಹಿಡಿದು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ, 2024ರಲ್ಲಿ ಚಿನ್ನ ಗೆದ್ದರು. ಅದೇ ಪ್ಯಾರಿಸ್‌ನಲ್ಲಿ ಹದಿನೇಳು ವರ್ಷದ ಶೀತಲ್ ದೇವಿ, ಅವರಿಗೂ ಕೈಗಳಿಲ್ಲ, ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ ಕಂಚು ತಂದರು. ಕುರ್ಚಿಯಲ್ಲಿ ಕೂತು ಬಲಗಾಲು ಚಾಚಿ ಬಿಲ್ಲನ್ನು ಮುಂದಕ್ಕೆ ತಳ್ಳುತ್ತಾರೆ, ಹೆದೆಯನ್ನು ಭುಜ ಹಿಡಿದಿರುತ್ತದೆ, ಬಿಡುವುದು ದವಡೆಯ ಸಹಾಯದಿಂದ. ಅವರ ಮುಖವನ್ನು ಆಗ ನೋಡಿ. ಕಿಮ್ ವೂಜಿನ್ ಮುಖದಲ್ಲಿರುವ ಅದೇ ಸಮಾಧಾನ.

ಇವರಿಬ್ಬರದ್ದೂ ಕಾಂಪೌಂಡ್ ಬಿಲ್ಲು, ಎರಡು ತುದಿಯಲ್ಲೂ ಗಾಲಿ ಇರುವಂಥದ್ದು. ಪೂರ್ತಿ ಎಳೆದ ಮೇಲೆ ಅದರ ಭಾರ ಬಹಳ ಕಡಿಮೆ ಆಗುತ್ತದೆ, ಹೆದೆಯನ್ನು ಬೆರಳಿನ ಬದಲು ರಿಲೀಸ್ ಅನ್ನುವ ಸಾಧನ ಹಿಡಿದಿರುತ್ತದೆ. 1972ರಲ್ಲಿ ಆರ್ಚರಿ ಒಲಿಂಪಿಕ್ಸ್‌ಗೆ ವಾಪಸ್ ಬಂದಾಗಿನಿಂದ ಅಲ್ಲಿ ಗಾಲಿ ಇಲ್ಲದ, ಬೆರಳಿನಿಂದ ಹೆದೆ ಎಳೆಯುವ ರಿಕರ್ವ್ ಬಿಲ್ಲು ಮಾತ್ರ ಇತ್ತು. 2028ರ ಲಾಸ್ ಏಂಜಲೀಸ್‌ನಲ್ಲಿ ಮೊದಲ ಸಲ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಇರುತ್ತದೆ. ಅದರಲ್ಲಿ ಕ್ಲಿಕ್ಕರ್ ಇರುವುದಿಲ್ಲ, ಹಾಗಾಗಿ ಆಗ ಎಲ್ಲಿ ನೋಡಬೇಕು ಅಂತ ನಾನಿನ್ನೂ ಕಲಿಯುತ್ತಿದ್ದೇನೆ. ಸದ್ಯಕ್ಕೆ ರಿಲೀಸ್ ಹಿಡಿದ ಕೈಯ ಮೊಣಕೈ ನೋಡುತ್ತಿದ್ದೇನೆ. ಬಾಣ ಹೊರಡುವ ಮುಂಚೆ ಅದು ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ.