ರೊಟ್ಟಿ ಬೇಯಿಸುವವರ ಸರದಿ

ಭಾನುವಾರ, 17 ಆಗಸ್ಟ್ 2025
ಹಾನುಬಾಳಿನ ಕಡೆ, ಸಕಲೇಶಪುರ ತಾಲ್ಲೂಕು

ನಿನ್ನೆ ಮಧ್ಯಾಹ್ನ ಹೋದ ಕರೆಂಟ್ ಇನ್ನೂ ಬಂದಿಲ್ಲ. ಆಗಸ್ಟ್ ತಿಂಗಳಲ್ಲಿ ಈ ಕಡೆ ಅದೊಂದು ಸುದ್ದಿಯೇ ಅಲ್ಲ. ದೊಡ್ಡಮ್ಮನಿಗೆ ಫ್ರಿಜ್ಜಿನ ಚಿಂತೆ ಇಲ್ಲ, ಫೋನಿನ ಚಿಂತೆ ಮೊದಲೇ ಇಲ್ಲ. ಇರುವುದೆಲ್ಲ ಅಕ್ಕಿ ರೊಟ್ಟಿಯ ಹಿಟ್ಟಿನ ಚಿಂತೆ. ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಮಿಲ್ಲಿಗೆ ಕಳಿಸಬೇಕು. ಈ ಮಳೆಯಲ್ಲಿ ಆರುವುದೆಲ್ಲಿ ಬಂತು? ಆರಿದರೂ ಕರೆಂಟ್ ಬೇಕಲ್ಲ ಬೀಸೋದಕ್ಕೆ. ಅದಕ್ಕೇ ಮೇ ತಿಂಗಳಲ್ಲೇ ಡಬ್ಬ ತುಂಬಿಸಿ ಇಟ್ಟಿರುತ್ತಾರೆ. ಈ ವರ್ಷ ಮನೆಗೆ ನೆಂಟರು ಜಾಸ್ತಿ ಬಂದು ಹೋಗಿದ್ದಾರೆ, ಡಬ್ಬದ ತಳ ಕಾಣುತ್ತಿದೆ. "ಅಂಗಡಿ ಪ್ಯಾಕೆಟ್ ತಂದುಕೊಡ್ಲಾ?" ಅಂದೆ. "ಅದು ಯಾವತ್ತು ಬೀಸಿದ್ದೋ ಏನೋ, ಒತ್ತಿದರೆ ಅಂಚೆಲ್ಲ ಬಿರಿಯುತ್ತೆ" ಅಂದರು. ಮಾತು ಅಲ್ಲಿಗೆ ಮುಗಿಯಿತು.

ಬೆಂಗಳೂರಿನಿಂದ ಅಣ್ಣನ ಮಗ ಬಂದಿದ್ದಾನೆ. ಅವನಿಗೆ ಈಗ ಹುಳಿ ಹಿಟ್ಟಿನ ಬ್ರೆಡ್ಡಿನ ಹುಚ್ಚು. ಬಾಟಲಿಯಲ್ಲಿ ಹಿಟ್ಟು ಸಾಕಿಕೊಂಡಿದ್ದಾನೆ, ತೂಕದ ಯಂತ್ರ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆ ಒಲೆ ಮುಂದೆ ಕೂತು "ನೀರು ಎಷ್ಟು, ಹಿಟ್ಟು ಎಷ್ಟು ಗ್ರಾಂ?" ಅಂತ ಕೇಳುತ್ತಿದ್ದ. "ನೀರು ಎಷ್ಟು ಹಿಡಿಯುತ್ತೋ ಅಷ್ಟು ಹಿಟ್ಟು" ಅಂದರು ದೊಡ್ಡಮ್ಮ. ಸುಮಾರಾಗಿ ಒಂದು ಲೋಟಕ್ಕೆ ಒಂದು ಲೋಟ ಅಂತ ನಾನು ಹೇಳಿದೆ. ಅದನ್ನೂ ಬರೆದುಕೊಂಡ.

ನೀರು ಉಪ್ಪಿನ ಜೊತೆ ಕುದಿ ಬಂದ ಮೇಲೆ ಹಿಟ್ಟನ್ನು ಒಂದೇ ಸಲ ಗುಡ್ಡೆಯಾಗಿ ಸುರಿಯುತ್ತಾರೆ. ಕಲಕುವುದಿಲ್ಲ. ಕೋಲಿನ ತುದಿಯಿಂದ ಗುಡ್ಡೆಯ ನಡುವೆ ಒಂದು ತೂತು ಮಾಡುತ್ತಾರೆ. ಆ ತೂತಿನಲ್ಲಿ ನೀರು ಬುಳುಬುಳು ಅಂತ ಮೇಲೆ ಬಂದು, ಸುತ್ತಲ ಹಿಟ್ಟು ಒಳಗಿಂದ ಬೇಯುತ್ತದೆ. ಆಮೇಲೆ ಉರಿ ತೆಗೆದು, ಪಾತ್ರೆಯನ್ನು ಎರಡು ಪಾದದ ನಡುವೆ ಬಟ್ಟೆ ಹಾಕಿ ಹಿಡಿದು, ಕೋಲಲ್ಲಿ ತಿರುವಬೇಕು. ಇದಕ್ಕೆ ಹಿಟ್ಟು ಉಕ್ಕರಿಸುವುದು ಅಂತಾರೆ. ಉಕ್ಕರಿಸಿದ ಹಿಟ್ಟನ್ನು ಮರದ ಮಣೆ ಮೇಲೆ ಬಗ್ಗಿಸಿಕೊಂಡು, ಕೈಯನ್ನು ತಣ್ಣೀರಲ್ಲಿ ಅದ್ದಿ ಅದ್ದಿ ನಾದಬೇಕು. ಹಿಟ್ಟು ಆರಿದ ಮೇಲೆ ನಾದಿದರೆ ಕೆಲಸಕ್ಕೆ ಬಾರದು, ಬಿಸಿ ಇರುವಾಗಲೇ ಆಗಬೇಕು. ದೊಡ್ಡಮ್ಮನ ಅಂಗೈ ಆ ಶಾಖಕ್ಕೆ ಎಂದೋ ಒಗ್ಗಿಹೋಗಿದೆ. ನಮ್ಮ ಹುಡುಗ ಒಂದು ಸಲ ಕೈ ಇಟ್ಟು "ಅಯ್ಯೋ" ಅಂತ ಹಿಂದೆ ತೆಗೆದ.

ಅವನ ಬ್ರೆಡ್ಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಗೋಧಿಯಲ್ಲಿ ಗ್ಲುಟೆನ್ ಇದೆ. ನಾದಿದಷ್ಟೂ ಜಿಗುಟು ಬರುತ್ತದೆ, ಹುಳಿ ಬಂದಾಗ ಹುಟ್ಟುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿಯಲ್ಲಿ ಆ ಗ್ಲುಟೆನ್ ಇಲ್ಲವೇ ಇಲ್ಲ. ತಣ್ಣೀರಲ್ಲಿ ಕಲಸಿದರೆ ಎಷ್ಟು ನಾದಿದರೂ ಪುಡಿಪುಡಿ. ಕುದಿ ನೀರು ಬಿದ್ದಾಗ ಅಕ್ಕಿಯ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟೇ ಗ್ಲುಟೆನ್ನಿನ ಕೆಲಸ ಮಾಡುತ್ತದೆ. ರಾತ್ರಿಯ ಅನ್ನ ಮಿಕ್ಕಿದ್ದರೆ ಅದನ್ನೂ ಹಿಸುಕಿ ಸೇರಿಸುವುದು ಇದೇ ಕಾರಣಕ್ಕೆ. ರೊಟ್ಟಿ ಇನ್ನೂ ಮೆತ್ತಗೆ ಬರುತ್ತದೆ. ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಕಾವಲಿ ಮೇಲೆ ತಟ್ಟುವ ರೊಟ್ಟಿ ಬೇರೆ. ಅದೂ ಚೆನ್ನಾಗಿರುತ್ತೆ, ಆದರೆ ಇಲ್ಲಿ ರೊಟ್ಟಿ ಅಂದರೆ ಈ ಬಿಳೀ ರೊಟ್ಟಿಯೇ.

ಉಂಡೆ ಒತ್ತಿ, ಕಾವಲಿ ಮೇಲೆ ಎರಡೂ ಕಡೆ ಬಾಡಿಸಿ, ಒಲೆಯ ಬಾಯಿಗೆ ಎಳೆದುಕೊಂಡ ಕೆಂಡದ ಎದುರು ನಿಲ್ಲಿಸುತ್ತಾರೆ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಗುಳ್ಳೆ ಏಳುತ್ತದೆ, ಅದು ಪಕ್ಕಕ್ಕೆ ಹರಿದು ಇಡೀ ರೊಟ್ಟಿ ಎರಡು ಪದರವಾಗಿ ಉಬ್ಬುತ್ತದೆ. ಒಳಗಿನ ಆವಿಯ ಆಟ ಅಷ್ಟೇ. ದಪ್ಪ ಒಂದೇ ಸಮ ಇಲ್ಲದಿದ್ದರೆ, ಇಲ್ಲವೇ ಎಲ್ಲೋ ಸಣ್ಣದಾಗಿ ಹರಿದಿದ್ದರೆ ಆವಿ ಅಲ್ಲೇ ಸೋರಿಹೋಗುತ್ತದೆ. ಉಬ್ಬದ ರೊಟ್ಟಿಯನ್ನು ದೊಡ್ಡಮ್ಮ ನೆಂಟರ ತಟ್ಟೆಗೆ ಹಾಕುವುದಿಲ್ಲ. ಮನೆಯವರಿಗೆ ನಡೆಯುತ್ತೆ.

ಉಬ್ಬಿದ ರೊಟ್ಟಿ ನೇರ ತಟ್ಟೆಗೆ ಬೀಳಬೇಕು, ನಡುವೆ ಎಲ್ಲೂ ನಿಲ್ಲಬಾರದು. ಶ್ರಾವಣ ಅಂತ ಇವತ್ತು ಕೋಳಿ ಸಾರಿಲ್ಲ. ಮೂರು ದಿನ ನೀರು ಬದಲಾಯಿಸಿ ಕಹಿ ಬಿಡಿಸಿದ ಕಳಲೆಗೆ ಹೆಸರುಕಾಳು ಹಾಕಿ ಮಾಡಿದ ಸಾರು, ಕಾಯಿ ಚಟ್ನಿ, ಬೆಣ್ಣೆ. ಬೆಣ್ಣೆ ರೊಟ್ಟಿಯ ಮೇಲೆ ಇಟ್ಟ ಕೂಡಲೇ ಕರಗಿ ಓಡಬೇಕು. ಹಾಗೇ ಕೂತಿದ್ದರೆ ತಡವಾಯಿತು ಅಂತ ಅರ್ಥ.

ಹೋಮ್‌ಸ್ಟೇಗಳ ಮೇಲೆ ನನಗೆ ತಕರಾರಿರುವುದು ಇಲ್ಲೇ. 'ಮಲೆನಾಡಿನ ಅಕ್ಕಿ ರೊಟ್ಟಿ' ಅಂತ ಬೋರ್ಡ್ ಹಾಕುತ್ತಾರೆ. ಬೆಳಿಗ್ಗೆ ಏಳಕ್ಕೇ ಬೇಯಿಸಿ ಹಾಟ್‌ಬಾಕ್ಸಿಗೆ ತುಂಬುತ್ತಾರೆ. ಒಂಬತ್ತಕ್ಕೆ ಮುಚ್ಚಳ ತೆಗೆದರೆ ಬೆವೆತು ಒಂದಕ್ಕೊಂದು ಅಂಟಿರುತ್ತವೆ. ಹೊರಗಿಟ್ಟರೂ ಸುಖವಿಲ್ಲ. ಬೆಂದ ಪಿಷ್ಟ ಆರುತ್ತಾ ಗಟ್ಟಿಯಾಗುತ್ತದೆ, ರೊಟ್ಟಿ ಬಿರುಸಾಗುತ್ತದೆ. ಉತ್ತರ ಕರ್ನಾಟಕದವರ ಖಡಕ್ ಜೋಳದ ರೊಟ್ಟಿಯ ಲೆಕ್ಕವೇ ಬೇರೆ. ಅದನ್ನು ಒಣಗಿಸಿಯೇ ಮಾಡುವುದು, ತಿಂಗಳುಗಟ್ಟಲೆ ಇರುತ್ತದೆ, ನೂರರ ಲೆಕ್ಕದಲ್ಲಿ ಮಾರಲೂಬಹುದು. ನಮ್ಮ ರೊಟ್ಟಿಗೆ ಆ ಯೋಗ ಇಲ್ಲ.

ಬಿಸಿಬಿಸಿ ರೊಟ್ಟಿ ಅಂತ ನಾವೆಲ್ಲ ಹಾಡಿ ಹೊಗಳುತ್ತೇವೆ. ಬೇಯಿಸುವವರಿಗೆ ಅದು ಸಿಗುತ್ತದಾ? ನಾನು ಚಿಕ್ಕವನಿದ್ದಾಗ ಈ ಮನೆಯಲ್ಲಿ ಮೊದಲು ಗಂಡಸರು, ಮಕ್ಕಳು, ಆಮೇಲೆ ತೋಟದ ಕೆಲಸದವರು. ಕೊನೆಗೆ ಕೆಂಡ ಆರುವ ಹೊತ್ತಿಗೆ ದೊಡ್ಡಮ್ಮ ಉಬ್ಬದ ರೊಟ್ಟಿಗಳನ್ನೆಲ್ಲ ಒಟ್ಟು ಮಾಡಿಕೊಂಡು ಕೂರುತ್ತಿದ್ದರು. ಅದು ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

ಅನಿಸಿದ್ದು ಅತ್ತಿಗೆಗೆ. ಅವರು ಚನ್ನರಾಯಪಟ್ಟಣದ ಕಡೆಯವರು. ನಮ್ಮ ಹಾಸನ ಒಂದೇ ಜಿಲ್ಲೆ ಅಂತ ಹೆಸರಿಗೆ. ಸಕಲೇಶಪುರ, ಆಲೂರಿನ ಕಡೆ ಅಕ್ಕಿ ರೊಟ್ಟಿ, ಕಡುಬು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಹೋದರೆ ತೆಂಗು, ರಾಗಿ, ಮುದ್ದೆ. ಮುದ್ದೆ ಒಂದೇ ಪಾತ್ರೆಯಲ್ಲಿ ಒಂದೇ ಸಲ ಆಗುತ್ತದೆ. ಕಟ್ಟಿ ಎಲ್ಲರ ತಟ್ಟೆಗೂ ಇಟ್ಟು, ಮಾಡಿದವರೂ ಜೊತೆಗೇ ಕೂರಬಹುದು. ಹಾಗೆ ಉಂಡು ಬೆಳೆದವರು ಇಲ್ಲಿಗೆ ಬಂದ ಹೊಸದರಲ್ಲಿ "ಇದೇನು, ಅತ್ತೆ ಊಟ ಮಾಡೋದು ಯಾವಾಗ?" ಅಂತ ಎಲ್ಲರ ಎದುರೇ ಕೇಳಿಬಿಟ್ಟರು. ದೊಡ್ಡಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆದರೂ ಅತ್ತಿಗೆ ಬಿಡಲಿಲ್ಲ. ಈಗ ಸರದಿ ಇದೆ. ಮೊದಲು ತಿಂದವರು ಎದ್ದು ಒಲೆ ಹತ್ತಿರ ಬರಬೇಕು. ಇವತ್ತು ನಾನು ಒತ್ತಿದೆ, ಅಣ್ಣ ಕೆಂಡದ ಹತ್ತಿರ ಕೂತ. ದೊಡ್ಡಮ್ಮ ತಿನ್ನುತ್ತಲೇ "ಅಂಚು ದಪ್ಪ, ಅಂಚು ದಪ್ಪ" ಅಂತ ಗೊಣಗುತ್ತಿದ್ದರು.

ಹುಡುಗ ಇನ್ನೊಂದು ವಿಷಯ ತೆಗೆದ. ಬೆಂಗಳೂರಿಗೆ ಬ್ರೆಡ್ ತಿನ್ನಿಸಿ ಅಭ್ಯಾಸ ಮಾಡಿಸಿದ್ದೇ ಹಾಸನದವರಂತೆ, ಹೌದಾ ಅಂತ. ಸುಮಾರಾಗಿ ನಿಜವೇ. ಹಾಸನದ ಕಡೆಯಿಂದ ಹೋದ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿ ಶುರು ಮಾಡಿದರು. ಬೇಕಿಂಗ್ ಕಲಿಸಿದ್ದು ಒಬ್ಬ ಬ್ರಿಟಿಷರವನು ಅಂತ ಹೇಳುತ್ತಾರೆ. ಆಮೇಲೆ ಈ ಜಿಲ್ಲೆಯ ಹಳ್ಳಿಗಳಿಂದ ಹೆಬ್ಬಾರ್ ಅಯ್ಯಂಗಾರರು ಒಬ್ಬರ ಹಿಂದೊಬ್ಬರು ಹೋದರು. ಮೊಟ್ಟೆ ಇಲ್ಲದ ಕೇಕು, ಖಾರ ಬನ್, ದಿಲ್‌ಪಸಂದ್ ಎಲ್ಲ ಬಂತು. ಇವತ್ತು ಅಯ್ಯಂಗಾರ್ ಬೇಕರಿ ಬೋರ್ಡಿಲ್ಲದ ಬಡಾವಣೆ ಬೆಂಗಳೂರಲ್ಲಿ ಹುಡುಕಬೇಕು.

ತಮಾಷೆ ಏನಂದರೆ, ಊರಿಗೆಲ್ಲ ಬ್ರೆಡ್ ಮಾಡಿಕೊಟ್ಟ ಜಿಲ್ಲೆಯಲ್ಲಿ ನಾವು ಬ್ರೆಡ್ ತಿಂದದ್ದು ಜ್ವರ ಬಂದಾಗ ಮಾತ್ರ. ಹಾಲಲ್ಲಿ ಅದ್ದಿ, ಸಕ್ಕರೆ ಉದುರಿಸಿ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ಕೈಯಲ್ಲಿ ಒಂದು ಬ್ರೆಡ್, ನಾಲ್ಕು ಮೂಸಂಬಿ. ಗಟ್ಟಿಮುಟ್ಟಾಗಿರುವವರ ಮನೆಗೆ ಬ್ರೆಡ್ ತಗೊಂಡು ಹೋದರೆ "ಯಾರಿಗೆ ಹುಷಾರಿಲ್ಲ?" ಅಂತ ಕೇಳುತ್ತಿದ್ದರು. ಒಂದು ಯೋಚಿಸಿದೆ. ಊರು ಬಿಟ್ಟು ಹೋದವರು ಅಂಗಡಿ ಇಡಬೇಕಾದರೆ ಎರಡು ದಿನವಾದರೂ ಕೆಡದೆ ಇರುವ ಪದಾರ್ಥ ಬೇಕು. ಬೆಳಿಗ್ಗೆ ಮಾಡಿದ್ದು ಸಂಜೆಗೂ ಮಾರಬೇಕು. ಅಕ್ಕಿ ರೊಟ್ಟಿ ನಂಬಿಕೊಂಡು ಯಾರೂ ಚಿಕ್ಕಪೇಟೆಯಲ್ಲಿ ಅಂಗಡಿ ತೆಗೆಯಲಾಗುತ್ತಿರಲಿಲ್ಲ ಅಲ್ವಾ.

ಮಧ್ಯಾಹ್ನ ಹೊರಡುವಾಗ ಹುಡುಗ ಸುಮ್ನಿರಲಾರದೆ "ನಾಲ್ಕು ರೊಟ್ಟಿ ಕಟ್ಟಿಕೊಡಿ ಅಜ್ಜಿ, ಬೆಂಗಳೂರಲ್ಲಿ ಬಿಸಿ ಮಾಡಿಕೊಂಡು ತಿಂತೀನಿ" ಅಂದ. ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸಕಲೇಶಪುರದಲ್ಲಿ ಬಸ್ ಹತ್ತೋ ಮುಂಚೆ ಬೇಕರಿಲಿ ಒಂದು ಖಾರ ಬನ್ ತಗೋ. ರೊಟ್ಟಿ ಬೇಕಾದ್ರೆ ಬಂದು ತಿನ್ನು" ಅಂದರು.