ಬೆಂಗಳೂರಿನ ಬೋರ್‌ವೆಲ್ ಬಂಗಾಳ ಕೊಲ್ಲಿಯಲ್ಲಿ ಕಂಡರೆ

ಲೇಯರ್, ಅಂದರೆ ಡೇಟಾದ ಪದರ, ಲೋಡ್ ಆಗಿದೆ, ಎಡಗಡೆ ಪಟ್ಟಿಯಲ್ಲಿ ಹೆಸರೂ ಇದೆ, ನಕ್ಷೆಯಲ್ಲಿ ಮಾತ್ರ ಏನೂ ಕಾಣುತ್ತಿಲ್ಲ. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿಗೆ ಹೊಸಬರಾದವರು ಆಗ ಲೇಯರ್ ತೆಗೆದು ಮತ್ತೆ ಹಾಕುತ್ತಾರೆ, ಆಮೇಲೆ ಸಾಫ್ಟ್‌ವೇರನ್ನೇ ಮುಚ್ಚಿ ತೆರೆಯುತ್ತಾರೆ. ಅದೆಲ್ಲ ಬೇಡ. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿಕೊಳ್ಳಿ, ಲೇಯರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಝೂಮ್ ಟು ಲೇಯರ್’ ಒತ್ತಿ, ಡೇಟಾ ಎಲ್ಲಿ ಹೋಗಿ ಬಿದ್ದಿದೆ ನೋಡಿ. ಎಲ್ಲಿ ಬಿದ್ದಿದೆ ಎನ್ನುವುದರಲ್ಲೇ ಯಾಕೆ ಬಿದ್ದಿದೆ ಎನ್ನುವುದೂ ಇರುತ್ತದೆ.

ಬೆಂಗಳೂರಿನ ಪಾಯಿಂಟ್‌ಗಳು ಉತ್ತರ ಧ್ರುವದ ಹತ್ತಿರ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ತಣ್ಣನೆಯ ಸಮುದ್ರದಲ್ಲಿ ಕಂಡವೆ? ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಬಾಯಲ್ಲಿ ನಾವು ಹೇಳುವುದು ‘ಅಕ್ಷಾಂಶ-ರೇಖಾಂಶ’ ಅಂತ, ಗೂಗಲ್ ಮ್ಯಾಪ್ಸ್‌ನಿಂದ ಕಾಪಿ ಮಾಡಿದರೆ ಬರುವುದೂ 12.97, 77.59 ಎಂಬ ಕ್ರಮದಲ್ಲೇ. ಆದರೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯದ ಕೋಷ್ಟಕ) ಹಾಕುವ ‘ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಕಿಟಕಿ ಮೊದಲು ಎಕ್ಸ್ ಕೇಳುತ್ತದೆ, ಆಮೇಲೆ ವೈ. ಎಕ್ಸ್ ಅಂದರೆ ರೇಖಾಂಶ, 77.59 ಅಲ್ಲಿಗೆ ಹೋಗಬೇಕು. ಕೆಎಂಎಲ್ ಮತ್ತು ಜಿಯೋಜೇಸನ್ ಎಂಬ ನಕ್ಷೆ ಫೈಲ್‌ಗಳ ಒಳಗೂ ರೇಖಾಂಶವೇ ಮೊದಲು. ಅವನ್ನು ನೋಟ್‌ಪ್ಯಾಡಿನಲ್ಲಿ ಕೈಯಾರೆ ಬರೆಯುವವರು ಎಡವುವುದು ಇಲ್ಲೇ.

ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ ಒಂದಷ್ಟು ಪಾಯಿಂಟ್ ಒಂದರ ಮೇಲೊಂದು ಕೂತಿದ್ದರೆ ಅವು 0, 0. ಜಿಪಿಎಸ್ ಸಿಗ್ನಲ್ ಸಿಗದ ಕಡೆ ಮೊಬೈಲ್ ಆ್ಯಪ್ ಸೊನ್ನೆ ಬರೆದುಕೊಂಡಿರುತ್ತದೆ, ಇಲ್ಲವೇ ಖಾಲಿ ಕೋಶಕ್ಕೆ ಯಾರೋ ಸೊನ್ನೆ ತುಂಬಿರುತ್ತಾರೆ. ಅವನ್ನು ಅಳಿಸಬೇಡಿ, ಬೇರೆ ಪಟ್ಟಿ ಮಾಡಿ ಫೀಲ್ಡಿಗೆ ವಾಪಸ್ ಕಳಿಸಿ.

ಇನ್ನು ಶೀರ್ಷಿಕೆಯ ಬೋರ್‌ವೆಲ್‌ಗಳು. ಯುಟಿಎಂ ಅಂದರೆ ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಸೀಳಿ ಜಾಗವನ್ನು ಮೀಟರಿನಲ್ಲಿ ಅಳೆಯುವ ಪದ್ಧತಿ; ಇಂಥ ಒಂದೊಂದು ಪದ್ಧತಿಗೂ ಇಪಿಎಸ್‌ಜಿ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಕರ್ನಾಟಕದ ಬಹುಭಾಗ ಯುಟಿಎಂ ವಲಯ 43ರಲ್ಲಿದೆ, ಅಂದರೆ 72ರಿಂದ 78 ಡಿಗ್ರಿ ಪೂರ್ವ ರೇಖಾಂಶ, ಇಪಿಎಸ್‌ಜಿ ಸಂಖ್ಯೆ 32643. ಆದರೆ 78 ಡಿಗ್ರಿಯ ಗೆರೆ ರಾಜ್ಯದ ಪೂರ್ವದಂಚನ್ನು ಕತ್ತರಿಸಿಕೊಂಡು ಹೋಗುತ್ತದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್ ಆಚೆ ಬದಿಗೆ ಬೀಳುತ್ತವೆ. ಅವು ವಲಯ 44, ಇಪಿಎಸ್‌ಜಿ 32644. ಒಂದು ವಲಯದ ಅಂಕಿಗೆ ಇನ್ನೊಂದು ವಲಯದ ಹೆಸರು ಕೊಟ್ಟರೆ ಡೇಟಾ ಸರಿಯಾಗಿ 6 ಡಿಗ್ರಿ ಜರುಗುತ್ತದೆ, ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 650 ಕಿಲೋಮೀಟರ್. ಬೆಂಗಳೂರಿನ 43ರ ಅಂಕಿಯನ್ನು 44 ಅಂತ ಓದಿಸಿದರೆ ವಿಶಾಖಪಟ್ಟಣದಿಂದ ನೆಟ್ಟಗೆ ದಕ್ಷಿಣಕ್ಕೆ, ಬಂಗಾಳ ಕೊಲ್ಲಿಯ ನಡುವೆ. ಮುಳಬಾಗಿಲಿನ 44ರ ಅಂಕಿಯನ್ನು 43 ಅಂದರೆ ಅರಬ್ಬೀ ಸಮುದ್ರ. ಉತ್ತರ-ದಕ್ಷಿಣದಲ್ಲಿ ಸರಿಯಿದ್ದು ಪೂರ್ವ-ಪಶ್ಚಿಮದಲ್ಲಿ ಮಾತ್ರ ತಪ್ಪಿದ್ದರೆ ಬೇರೇನೂ ಹುಡುಕಬೇಡಿ, ವಲಯ ನೋಡಿ.

ಇದನ್ನು ಲೋಡ್ ಮಾಡುವ ಮೊದಲೇ ಅಂಕಿ ನೋಡಿ ಹೇಳಬಹುದು. ವಲಯ 43ರಲ್ಲಿ ಕರ್ನಾಟಕದ ಈಸ್ಟಿಂಗ್ (ಪೂರ್ವ-ಪಶ್ಚಿಮದ ಮೀಟರ್ ಅಂಕಿ, ಅಂದರೆ ಎಕ್ಸ್) ಸುಮಾರು 4 ಲಕ್ಷದಿಂದ 8.25 ಲಕ್ಷ. ಕಾರವಾರ 4 ಲಕ್ಷದ ಆಸುಪಾಸು, ಬೆಂಗಳೂರು 7.8 ಲಕ್ಷ. ಕೋಲಾರದ ಕಡೆ ವಲಯ 44ರಲ್ಲಿ ಅಳೆದಿದ್ದರೆ ಈಸ್ಟಿಂಗ್ 1.75 ಲಕ್ಷದಿಂದ 2.3 ಲಕ್ಷದೊಳಗೆ ಬರುತ್ತದೆ. ನಾರ್ತಿಂಗ್ (ಉತ್ತರ-ದಕ್ಷಿಣದ್ದು, ಅಂದರೆ ವೈ) ಎರಡರಲ್ಲೂ ಏಳಂಕಿ: ಚಾಮರಾಜನಗರದ ಕೆಳತುದಿಯಲ್ಲಿ 12.8 ಲಕ್ಷದ ಹತ್ತಿರ, ಬೀದರ್‌ನ ಮೇಲ್ತುದಿಯಲ್ಲಿ 20 ಲಕ್ಷ ದಾಟುತ್ತದೆ. ಎಕ್ಸ್ 82 ಲಕ್ಷದಿಂದ 88 ಲಕ್ಷದ ನಡುವೆ ಇದ್ದರೆ ಅದು ಯುಟಿಎಂ ಅಲ್ಲವೇ ಅಲ್ಲ, ಆನ್‌ಲೈನ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್, ಇಪಿಎಸ್‌ಜಿ 3857. 74ರಿಂದ 79ರೊಳಗಿನ ದಶಮಾಂಶ ಅಂಕಿ ಇದ್ದರೆ ಡಿಗ್ರಿ, ಬಹುತೇಕ ಇಪಿಎಸ್‌ಜಿ 4326 (ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84). ಲೇಯರ್ ಪ್ರಾಪರ್ಟೀಸ್‌ನ ಇನ್ಫರ್ಮೇಷನ್ ಪುಟದಲ್ಲಿ ‘ಎಕ್ಸ್‌ಟೆಂಟ್’ ಎಂಬ ಸಾಲಿನಲ್ಲಿ ಈ ಅಂಕಿಗಳೆಲ್ಲ ಸಿಗುತ್ತವೆ. ಶೇಪ್‌ಫೈಲ್ ಅಂದರೆ ಹಲವು ಕಡತಗಳ ಕಟ್ಟು; ಅಂಕಿ ಯಾವ ಪದ್ಧತಿಯದೆಂದು ಹೇಳುವ ಡಾಟ್ ಪಿಆರ್‌ಜೆ ಇಲ್ಲದೆ ಅದು ಬಂದಾಗ (ಬರೀ ಡಾಟ್ ಎಸ್‌ಎಚ್‌ಪಿ ಒಂದನ್ನೇ ಮೇಲ್ ಮಾಡುವವರು ಇನ್ನೂ ಇದ್ದಾರೆ, ಡಾಟ್ ಎಸ್‌ಎಚ್‌ಎಕ್ಸ್, ಡಾಟ್ ಡಿಬಿಎಫ್ ಕೂಡ ಬೇಕೇ ಬೇಕು) ಲೇಯರ್ ಪಕ್ಕ ಪ್ರಶ್ನೆ ಚಿಹ್ನೆ ಬರುತ್ತದೆ. ಆಗ ಈ ಅಂಕಿಗಳೇ ಆಧಾರ.

ಸಿಆರ್‌ಎಸ್ (ಅಂಕಿಗಳು ಯಾವ ಪದ್ಧತಿಯವು ಎಂಬ ಗುರುತು, ಇಪಿಎಸ್‌ಜಿ ಸಂಖ್ಯೆ ಹೇಳುವುದು ಇದನ್ನೇ) ಕೊಡುವಾಗ ಎರಡು ಕೆಲಸಗಳನ್ನು ಗೊಂದಲ ಮಾಡಿಕೊಳ್ಳಬಾರದು. ‘ಸೆಟ್ ಲೇಯರ್ ಸಿಆರ್‌ಎಸ್’ ಅಂದರೆ ಡಬ್ಬದ ಮೇಲೆ ಚೀಟಿ ಅಂಟಿಸುವುದು. ಒಳಗಿನ ಅಂಕಿ ಹಾಗೇ ಇರುತ್ತದೆ. ‘ರೀಪ್ರಾಜೆಕ್ಟ್ ಲೇಯರ್’ ಅಥವಾ ಎಕ್ಸ್‌ಪೋರ್ಟ್ ಮಾಡುವಾಗ ಬೇರೆ ಸಿಆರ್‌ಎಸ್ ಆರಿಸುವುದು ಅಂದರೆ ಒಳಗಿನ ಅಂಕಿಯನ್ನೇ ಲೆಕ್ಕ ಹಾಕಿ ಬದಲಿಸುವುದು. ಚೀಟಿ ಇಲ್ಲದಿದ್ದರೆ ಅಥವಾ ತಪ್ಪಿದ್ದರೆ ಮೊದಲನೆಯದು. ಚೀಟಿ ಸರಿಯಿದ್ದು ಮೀಟರ್ ಲೆಕ್ಕ ಬೇಕಾಗಿದ್ದರೆ ಎರಡನೆಯದು. ಡಿಗ್ರಿ ಇರುವ ಲೇಯರಿಗೆ ‘ಮೀಟರ್ ಬೇಕು’ ಅಂತ 32643ರ ಚೀಟಿ ಅಂಟಿಸಿದರೆ 77, 12 ಎಂಬ ಅಂಕಿಗಳು ಮೀಟರ್ ಆಗಿಬಿಡುತ್ತವೆ. ಇಡೀ ಜಿಲ್ಲೆ ಒಂದು ಚಾಪೆಯಷ್ಟಕ್ಕೆ ಮುದುಡಿ, ಮಾಲ್ಡೀವ್ಸ್‌ನ ಪಶ್ಚಿಮಕ್ಕೆ ಭೂಮಧ್ಯರೇಖೆಯ ಮೇಲೆ ಕೂರುತ್ತದೆ. ಅಲ್ಲಿ ಒಂದು ಚುಕ್ಕಿ ಕಂಡರೆ ಕಾರಣ ಇದೇ.

ಬೆಂಗಳೂರೂ ಕೋಲಾರವೂ ಒಂದೇ ಪ್ರಾಜೆಕ್ಟಿನಲ್ಲಿ ಬಂದರೆ ಎಲ್ಲವನ್ನೂ 43ಕ್ಕೇ ರೀಪ್ರಾಜೆಕ್ಟ್ ಮಾಡಿ. ವಲಯದ ಗೆರೆ ದಾಟಿದ್ದಕ್ಕೆ ಕೋಲಾರದಲ್ಲಿ ಬರುವ ಹಿಗ್ಗು 100 ಮೀಟರಿಗೆ ಸುಮಾರು 10 ಸೆಂಟಿಮೀಟರ್. ಪೈಪ್‌ಲೈನ್ ಯೋಜನೆಗೆ, ಹಳ್ಳಿ ನಕ್ಷೆಗೆ ಅದು ಲೆಕ್ಕಕ್ಕಿಲ್ಲ. ಎರಡು ವಲಯದಲ್ಲಿ ಎರಡು ಕಡತ ಇಟ್ಟುಕೊಂಡು ಒದ್ದಾಡುವುದಕ್ಕಿಂತ ಇದು ಎಷ್ಟೋ ಮೇಲು.

ಸಮುದ್ರಕ್ಕೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ನೆಲದ ಮೇಲೇ ತಪ್ಪಿ ಕೂತದ್ದು ಕಾಣುವುದಿಲ್ಲ. ಹೆಚ್ಚು ಹಾನಿ ಮಾಡುವುದು ಅದೇ. ಫೀಲ್ಡ್ ಹಾಳೆಯಲ್ಲಿ 12 ಡಿಗ್ರಿ 58 ನಿಮಿಷ 20 ಸೆಕೆಂಡ್ ಎಂದಿರುವುದನ್ನು ಡೇಟಾ ಎಂಟ್ರಿಯಲ್ಲಿ 12.5820 ಅಂತ ಹೊಡೆಯುತ್ತಾರೆ. ನಿಜವಾದ ದಶಮಾಂಶ 12.9722. ವ್ಯತ್ಯಾಸ 0.39 ಡಿಗ್ರಿ, ನೆಲದ ಮೇಲೆ ದಕ್ಷಿಣಕ್ಕೆ 43 ಕಿಲೋಮೀಟರ್. ಅಲ್ಲೂ ಊರು, ಕೆರೆ, ತೋಟ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಿಡಿಯುವ ಉಪಾಯ ಸುಲಭ: ಇಡೀ ಕಾಲಮ್ಮಿನಲ್ಲಿ ಬಿಂದುವಿನ ನಂತರದ ಮೊದಲ ಎರಡು ಅಂಕಿ, ಆಮೇಲಿನ ಎರಡು ಅಂಕಿ ನೋಡಿ. ಎಲ್ಲೂ 59 ದಾಟಿಲ್ಲವೆಂದರೆ ಅವು ದಶಮಾಂಶವಲ್ಲ, ನಿಮಿಷ-ಸೆಕೆಂಡ್. ಡಿಗ್ರಿ, ನಿಮಿಷ, ಸೆಕೆಂಡ್ ಚಿಹ್ನೆಗಳ ಸಮೇತ ಬರೆದಿದ್ದರೆ ಪರಿವರ್ತನೆಯೂ ಬೇಡ. ಡಿಲಿಮಿಟೆಡ್ ಟೆಕ್ಸ್ಟ್ ಕಿಟಕಿಯಲ್ಲಿ ‘ಡಿಎಂಎಸ್ ಕೋಆರ್ಡಿನೇಟ್ಸ್’ ಗುರುತು ಹಾಕಿದರೆ ಕ್ಯೂಜಿಐಎಸ್ ತಾನೇ ಓದಿಕೊಳ್ಳುತ್ತದೆ.

ಪಾಯಿಂಟ್‌ಗಳು ಚದುರಂಗದ ಮನೆಗಳ ಹಾಗೆ ಸಾಲಾಗಿ, ಸುಮಾರು ಕಿಲೋಮೀಟರಿಗೊಂದು ಕೂತಿದ್ದರೆ ಎಕ್ಸೆಲ್ ಕೈಚಳಕ. ಕೋಶದಲ್ಲಿ ಎರಡೇ ದಶಮಾಂಶ ತೋರಿಸುವಂತೆ ಇಟ್ಟು ಸಿಎಸ್‌ವಿ ಮಾಡಿದರೆ, ಕಾಣುತ್ತಿದ್ದುದಷ್ಟೇ ಫೈಲಿಗೆ ಹೋಗುತ್ತದೆ, ಉಳಿದದ್ದು ಹೋಯಿತು. ಎರಡು ದಶಮಾಂಶ ಅಂದರೆ 1.1 ಕಿಲೋಮೀಟರ್, ನಾಲ್ಕು ಅಂದರೆ 11 ಮೀಟರ್, ಐದು ಅಂದರೆ 1.1 ಮೀಟರ್. ಆರು ಇಟ್ಟುಕೊಳ್ಳಿ, ನಿಶ್ಚಿಂತೆ.

ಇಡೀ ಲೇಯರ್ ಒಂದೇ ದಿಕ್ಕಿಗೆ ನೂರು ಮೀಟರಿಗೂ ಹೆಚ್ಚು ಜರುಗಿದ್ದು, ಆಕಾರ ಮಾತ್ರ ಚೊಕ್ಕವಾಗಿದ್ದರೆ ಮೂಲ ಹಳೆಯ ಟೋಪೋಶೀಟ್ (ಸರ್ವೇ ನಕ್ಷೆಯ ಹಾಳೆ) ಇರಬಹುದು. ಸರ್ವೇ ಆಫ್ ಇಂಡಿಯಾದ ಹಳೆಯ ಹಾಳೆಗಳು ಎವರೆಸ್ಟ್ ಗೋಲಾಭದ (ಭೂಮಿಯ ಆಕಾರಕ್ಕೆ ಹಿಡಿದ ಹಳೆಯ ಲೆಕ್ಕದ) ಮೇಲೆ ನಿಂತಿವೆ; 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84. ಅಂಚಿನಲ್ಲಿ ಅಚ್ಚಾದ ಡಿಗ್ರಿ ನೋಡಿ ಹಳೆಯ ಹಾಳೆಗೆ 4326 ಕೊಟ್ಟರೆ ಈ ಜರುಗು ಬಂದೇ ಬರುತ್ತದೆ. ಎವರೆಸ್ಟ್ ಆಧಾರದ ಕಲ್ಯಾಣಪುರ 1975, ಇಪಿಎಸ್‌ಜಿ 4146 ಕೊಟ್ಟು, ಆಮೇಲೆ ರೀಪ್ರಾಜೆಕ್ಟ್ ಮಾಡಿ ನೋಡಿ. ಕೈಯಿಂದ ಹಿಡಿದು ತಳ್ಳಿ ಕೂರಿಸಬೇಡಿ, ಈ ತಾಲ್ಲೂಕಿಗೆ ಕೂತದ್ದು ಪಕ್ಕದ ಜಿಲ್ಲೆಗೆ ಕೂರುವುದಿಲ್ಲ. ಐದಾರು ಮೀಟರ್ ವ್ಯತ್ಯಾಸಕ್ಕೆ ಮಾತ್ರ ಉಪಗ್ರಹ ಚಿತ್ರವನ್ನು ಸಾಕ್ಷಿ ಕರೆಯಬೇಡಿ, ಆ ಚಿತ್ರವೇ ಅಷ್ಟು ಆಚೀಚೆ ಇರಬಹುದು.

ಸ್ಕ್ಯಾನ್ ಮಾಡಿದ ಗ್ರಾಮ ನಕ್ಷೆಯದ್ದು ಬೇರೆಯೇ ಕಥೆ. ನಮ್ಮ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920, ಮೈಲಿಗೆ 8 ಇಂಚು. ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 7.92 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗಡಿಗೆರೆಯೇ 4 ಮೀಟರ್ ಅಗಲ ಆಯಿತು. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ 0.67 ಮೀಟರ್. ಸ್ಕ್ಯಾನನ್ನು ಜಾಗಕ್ಕೆ ಕೂರಿಸುವ ಜಿಯೋರೆಫರೆನ್ಸರ್ ಪಾಲಿನೋಮಿಯಲ್ 1 ಎಂಬ ಸರಳ ವಿಧಾನಕ್ಕೆ ಮೂರು ಪಾಯಿಂಟ್ ಸಾಕು ಅನ್ನುತ್ತದೆ. ಆದರೆ ಮೂರೇ ಕೊಟ್ಟರೆ ತಪ್ಪು ಎಷ್ಟೆಂದು ಹೇಳಲು ಅದಕ್ಕೆ ದಾರಿಯೇ ಇರುವುದಿಲ್ಲ, ಶೂನ್ಯ ತೋರಿಸುತ್ತದೆ. ಆರರಿಂದ ಎಂಟು ಪಾಯಿಂಟ್ ಕೊಡಿ, ಹಾಳೆಯ ನಾಲ್ಕೂ ಮೂಲೆಗೆ ಹರಡಿ. ಮೂರು ಊರಿನ ಗಡಿ ಸೇರುವ ಕಲ್ಲು, ಹಳೆಯ ರಸ್ತೆ ಕೂಡುವ ಜಾಗ ಒಳ್ಳೆಯವು. ಕೆರೆಯ ನೀರಿನಂಚು ಬೇಡವೇ ಬೇಡ, ಅದು ಮಳೆ ಬಂದ ಹಾಗೆ ಬದಲಾಗುತ್ತದೆ. ಏರಿಯ ತುದಿ ಆಗಬಹುದು. ರೆಸಿಡ್ಯುಯಲ್ (ಉಳಿದ ತಪ್ಪು) 6 ಪಿಕ್ಸೆಲ್ ಬಂದರೆ 4 ಮೀಟರ್, ಗೆರೆಯ ದಪ್ಪದಷ್ಟೇ, ಒಪ್ಪಬಹುದು. ಒಂದೇ ಪಾಯಿಂಟ್ 40 ತೋರಿಸಿದರೆ ಆ ಕಲ್ಲನ್ನೇ ತಪ್ಪಾಗಿ ಗುರುತಿಸಿದ್ದೀರಿ. ಅಂಕಿ ಇಳಿಸಲಿಕ್ಕೆಂದು ಥಿನ್ ಪ್ಲೇಟ್ ಸ್ಪ್ಲೈನ್‌ಗೆ ಹಾರಬೇಡಿ. ಅದು ಕೊಟ್ಟ ಪಾಯಿಂಟ್‌ಗಳಿಗೆ ಹಾಳೆಯನ್ನು ರಬ್ಬರಿನಂತೆ ಎಳೆದು ಕಟ್ಟುತ್ತದೆ, ರೆಸಿಡ್ಯುಯಲ್ ಸೊನ್ನೆ ಬರುತ್ತದೆ, ನಡುವಿನ ಹೊಲಗಳು ಸೊಟ್ಟಗಾಗುತ್ತವೆ.

ಕೂತದ್ದು ಸರಿಯೇ ಅಂತ ನೋಡಲು ಪಹಣಿ ಇದೆಯಲ್ಲ. ನಾಲ್ಕೈದು ಸರ್ವೇ ನಂಬರ್ ಆರಿಸಿ, ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ತೆಗೆದು 101.17ರಿಂದ ಭಾಗಿಸಿದರೆ ಗುಂಟೆ (33 ಅಡಿ ಚೈನಿನ ಚದರ, 1089 ಚದರಡಿ). ಪಹಣಿಯ ಎಕರೆ-ಗುಂಟೆಗೆ ಹೋಲಿಸಿ. ಎಲ್ಲ ಹೊಲವೂ ಒಂದೇ ಪ್ರಮಾಣದಲ್ಲಿ ಹೆಚ್ಚು ಬಂದರೆ ಹೊಲದ ತಪ್ಪಲ್ಲ, 3857ರಲ್ಲಿ ಅಳೆಯುತ್ತಿದ್ದೀರಿ. ಬೆಂಗಳೂರಿನ ಅಕ್ಷಾಂಶದಲ್ಲಿ ವೆಬ್ ಮರ್ಕೇಟರ್ ವಿಸ್ತೀರ್ಣವನ್ನು ಶೇ 5ರಷ್ಟು ಉಬ್ಬಿಸುತ್ತದೆ, ಬೀದರ್‌ನಲ್ಲಿ ಶೇ 10ರಷ್ಟು. 40 ಗುಂಟೆಯ ಎಕರೆ ಇಲ್ಲಿ 42, ಅಲ್ಲಿ 44. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಡಾಲರ್ ಚಿಹ್ನೆಯ ‘ಏರಿಯಾ’ ಪ್ರಾಜೆಕ್ಟಿನ ಗೋಲಾಭ ಹಿಡಿದು ಲೆಕ್ಕ ಮಾಡುತ್ತದೆ; ಆವರಣದೊಳಗೆ ಜಿಯಾಮೆಟ್ರಿ ಕೇಳುವ ‘ಏರಿಯಾ’ ಲೇಯರಿನ ಅಂಕಿಯನ್ನೇ ನೇರ ಗುಣಿಸುತ್ತದೆ. ಎರಡಕ್ಕೂ ಹೆಸರು ಒಂದೇ, ಉತ್ತರ ಬೇರೆ.

ಜಾಗ ಸರಿ ಕೂತ ಮೇಲೆ ಅಕ್ಷರದ ಸರದಿ. ಅಟ್ರಿಬ್ಯೂಟ್ ಟೇಬಲ್ (ಲೇಯರಿನ ಮಾಹಿತಿ ಕೋಷ್ಟಕ) ತೆರೆದರೆ ಕನ್ನಡದ ಬದಲು ವಿಚಿತ್ರ ಅಕ್ಷರಗಳ ಸಾಲು. ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಸಣ್ಣ ‘ಎ’ ಹೆಚ್ಚುಕಡಿಮೆ ಮೂರು ಚಿಹ್ನೆಗೊಮ್ಮೆ ಬರುತ್ತಿದ್ದರೆ ಅದು ಯೂನಿಕೋಡೇ, ಓದುವ ರೀತಿ ತಪ್ಪಿದೆ: ಲೇಯರ್ ಪ್ರಾಪರ್ಟೀಸ್‌ನ ಸೋರ್ಸ್ ಪುಟದಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಮಾಡಿ. ಆ ‘ಎ’ ಹಾಗೆ ಬಾರದಿದ್ದರೆ ಹಳೆಯ ನುಡಿ ಅಥವಾ ಬರಹ ಫಾಂಟಿನ ಆಸ್ಕಿ ಪಠ್ಯ ಇರಬೇಕು. ಎನ್‌ಕೋಡಿಂಗ್ ಎಷ್ಟು ತಿರುಗಿಸಿದರೂ ಅದು ಕನ್ನಡವಾಗುವುದಿಲ್ಲ. ಟೇಬಲ್ಲನ್ನು ಹೊರತೆಗೆದು, ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸಿ, ಮತ್ತೆ ಜೋಡಿಸಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ಓದಿ, ಕೆಡುವುದು ಅವೇ ಮೊದಲು.

ಕನ್ನಡ ಇರುವ ಡೇಟಾವನ್ನು ಶೇಪ್‌ಫೈಲಿನಲ್ಲಿ ಉಳಿಸಲೇಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಕಾಲಮ್ ಹೆಸರಿಗೆ 10 ಬೈಟ್ ಮಾತ್ರ. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ಗ್ರಾ’ ಎಂಬ ಒಂದೇ ಅಕ್ಷರದಲ್ಲಿ ಗಕಾರ, ವಿರಾಮ, ರಕಾರ, ದೀರ್ಘ ಎಂದು ನಾಲ್ಕು ಸಂಕೇತ, 12 ಬೈಟ್. ‘ಗ್ರಾಮ’ ಎಂದು ಹೆಸರಿಡುವುದಕ್ಕೂ ಜಾಗವಿಲ್ಲ! ಜಿಯೋಪ್ಯಾಕೇಜ್ ಎಂಬ ಫೈಲ್ ರೂಪಕ್ಕೆ ಈ ಕಷ್ಟವಿಲ್ಲ. ಹತ್ತು ಲೇಯರ್ ಒಂದೇ ಫೈಲಿನಲ್ಲಿ ಇರುತ್ತವೆ, ಸಿಆರ್‌ಎಸ್ ಒಳಗೇ ಇರುತ್ತದೆ.

ಕೊನೆಗೆ ಜೋಡಣೆ (ಜಾಯಿನ್), ಅಂದರೆ ಬೇರೆ ಕೋಷ್ಟಕದ ಮಾಹಿತಿಯನ್ನು ಲೇಯರಿನ ಸಾಲುಗಳಿಗೆ ಸೇರಿಸುವುದು. ಹೆಸರಿನ ಮೇಲೆ ಜಾಯಿನ್ ಮಾಡಿದರೆ ಅರ್ಧ ಸಾಲು ಖಾಲಿ ಬಂದೀತು. ‘ಬೆಂಗಳೂರು’ ಟೈಪ್ ಮಾಡುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದವರು ಬಹಳ; ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಹೊಸಹಳ್ಳಿ, ಹೊಸೂರು ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇರುತ್ತವೆ. 2014ರ ನವೆಂಬರ್ 1ಕ್ಕೆ ಮುಂಚಿನ ಲೇಯರಿನಲ್ಲಿ ಕಲಬುರಗಿ ಗುಲ್ಬರ್ಗ ಆಗಿರುತ್ತದೆ, ವಿಜಯಪುರ ಬಿಜಾಪುರ. ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ ಕೋಡ್ (ಪ್ರತಿ ಊರಿಗೂ ಕೊಟ್ಟ ಗುರುತಿನ ಸಂಖ್ಯೆ) ಅಥವಾ ಜನಗಣತಿಯ ಕೋಡ್ ಹಿಡಿದು ಜೋಡಿಸಿ. ಸಿಎಸ್‌ವಿ ಹಾಕುವಾಗ ‘ಡಿಟೆಕ್ಟ್ ಫೀಲ್ಡ್ ಟೈಪ್ಸ್’ ಗುರುತು ತೆಗೆದಿಡಿ, ಇಲ್ಲದಿದ್ದರೆ ಕೋಡ್ ಸಂಖ್ಯೆಯಾಗಿ ಓದಿಕೊಂಡು ಆರಂಭದ ಸೊನ್ನೆ ಉದುರುತ್ತದೆ. ಆಚೆ ಕಡೆ ಪಠ್ಯ, ಈಚೆ ಕಡೆ ಸಂಖ್ಯೆ, ಜೋಡಣೆ ಆಗದು. ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಉಳಿಸಿದ ಫೈಲಿನಲ್ಲಂತೂ ಆ ಸೊನ್ನೆ ಆಗಲೇ ಹೋಗಿರುತ್ತದೆ, ಮೂಲ ಫೈಲನ್ನೇ ಕೇಳಿ ತರಿಸಿಕೊಳ್ಳಿ. 2011ರ ಜನಗಣತಿಯ ಗಡಿಗಳಲ್ಲಿ 30 ಜಿಲ್ಲೆ, ಈಗಿನ ಪಟ್ಟಿಯಲ್ಲಿ 31. ಜೋಡಣೆ ಮುಗಿದ ಮೇಲೆ ಒಂದು ಸಾಲು ಅನಾಥವಾಗಿ ಉಳಿದರೆ ಅದು 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ. ಅದಕ್ಕೆ ಬಳ್ಳಾರಿಯ ಪಾಲಿಗನ್ನನ್ನು, ಅಂದರೆ ಗಡಿಯ ಆಕೃತಿಯನ್ನು, ತಾಲ್ಲೂಕು ಗಡಿಯ ಮೇಲೆ ಕತ್ತರಿಸಬೇಕು, ಬಳ್ಳಾರಿಯ ಹಳೆಯ ಅಂಕಿಅಂಶವನ್ನೂ ತಾಲ್ಲೂಕುವಾರು ಹಂಚಬೇಕು.